ಕಡೇ ಪಂಕ್ತಿ

ಚೆನ್ನಾಗಿ ಮಾತನಾಡಿದೆ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಳ್ಳುತ್ತಿರುವ ಹೊತ್ತಿಗೆ ಸರಿಯಾಗಿ ಯಾರೋ ಮುಖಕ್ಕೆ ತಣ್ಣೀರು ಎರಚಿದಂಥ ಅನುಭವ ನಿಮಗೂ ಆಗಿರಬಹುದು. ನನಗೆ ಅದು ಆದದ್ದು 2019ರ ಸೆಪ್ಟೆಂಬರಿನಲ್ಲಿ, ರಾಮನಗರ ತಾಲ್ಲೂಕಿನ ಕೂಟಗಲ್ಲಿನಲ್ಲಿ, ಒಂದು ಅಂಗನವಾಡಿಯ ಚಾಪೆಯ ಮೇಲೆ.

ಸೆಪ್ಟೆಂಬರ್ ಎಂದರೆ ಪೋಷಣ್ ಮಾಸ. 2018ರಿಂದ ಆ ತಿಂಗಳಿಗೆ ಆ ಹೆಸರು ಬಂದಿದೆ. ಊರೂರಿನಲ್ಲಿ ತರಕಾರಿ ಜೋಡಿಸಿ ರಂಗೋಲಿ ಹಾಕುತ್ತಾರೆ, ಬಸುರಿಯರಿಗೆ ಮಡಿಲು ತುಂಬುತ್ತಾರೆ, ಮಾತನಾಡುವುದಕ್ಕೆ ಯಾರಾದರೊಬ್ಬರನ್ನು ಕರೆಯುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾಗಿ ಮನೆಯಲ್ಲಿ ಕೂತ ನನ್ನಂಥವಳು ಅದಕ್ಕೆ ಹೇಳಿ ಮಾಡಿಸಿದ ಹಾಗೆ. ಕರೆದರೆ ಸಾಕು, ನಕ್ಷೆಗಳ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಡುತ್ತೇನೆ. ಮೇಷ್ಟರಿಗೆ ನಿವೃತ್ತಿ ಆಗುತ್ತದೆ, ನಾಲಿಗೆಗೆ ಆಗುವುದಿಲ್ಲ.

ವಿಷಯ ರಕ್ತಹೀನತೆ. ಹನ್ನೆರಡೋ ಹದಿಮೂರೋ ಬಸುರಿಯರು, ಅವರ ಜೊತೆಯಲ್ಲಿ ಬಂದ ಅತ್ತೆಯರು, ನಾದಿನಿಯರು, ಮಡಿಲಲ್ಲಿ ಕೂಸುಗಳು. ಹಿಮೋಗ್ಲೋಬಿನ್ ಎಂದರೇನು, ಬಸುರಿಯಲ್ಲಿ ಅದು 100 ಮಿಲಿಲೀಟರ್ ರಕ್ತಕ್ಕೆ 11 ಗ್ರಾಂ ಏಕೆ ಇರಬೇಕು, ಕಡಿಮೆಯಾದರೆ ಏದುಸಿರು, ಕಾಲು ಸೋಲು, ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೆಚ್ಚಾಗಿ ಹೋದರೂ ತಾಯಿಯ ಜೀವಕ್ಕೆ ಕುತ್ತು, ಮಗು ತೂಕವಿಲ್ಲದೆ ದಿನ ತುಂಬದೆ ಹುಟ್ಟಬಹುದು, ಎಲ್ಲ ಹೇಳಿದೆ. ಕಣ್ಣಿನ ಕೆಳರೆಪ್ಪೆ ಎಳೆದು ಒಬ್ಬರನ್ನೊಬ್ಬರು ನೋಡಿಕೊಳ್ಳಿ ಎಂದೆ. ಯಾರ್‍ಯಾರು ಬಳಪ, ಕೆಮ್ಮಣ್ಣು, ಹಸಿ ಅಕ್ಕಿ ತಿನ್ನುತ್ತೀರಿ ಎಂದು ಕೇಳಿದಾಗ ಒಬ್ಬಳ ಕಡೆ ಇನ್ನೊಬ್ಬಳು ಬೆರಳು ತೋರಿಸಿ ನಕ್ಕರು. ಅದು ಬಯಕೆ ಎಂದು ನಾವು ಮುದ್ದು ಮಾಡುವುದುಂಟು, ಎಷ್ಟೋ ಸಲ ಅದು ಒಳಗೆ ಕಬ್ಬಿಣ ತೀರಿಹೋಗಿರುವುದರ ಗುರುತು ಎಂದು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು.

ಆಮೇಲೆ ನನಗೊಂದು ಉಪಮೆ ಹೊಳೆಯಿತು. ಈ ಸೀಮೆಯ ಹೆಂಗಸರಿಗೆ ರೇಷ್ಮೆಹುಳುಗಿಂತ ಹತ್ತಿರದ ವಿಷಯ ಯಾವುದಿದೆ? ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೊರುವುದು, ಬೆಳಗಿನ ಜಾವ ಎದ್ದು ಹುಳುವಿಗೆ ಹಾಕುವುದು, ರಾತ್ರಿ ಮಲಗುವ ಮುಂಚೆ ಮತ್ತೆ ಹಾಕುವುದು, ಹೆಚ್ಚಿನ ಪಾಲು ಅವರದೇ. ಹುಳು ಪೊರೆ ಕಳಚುವುದಕ್ಕೆ ಮೇವು ಬಿಟ್ಟು ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಒಂದು ವಾರ ತಿನ್ನುವ ತಿನಿಸು ನೋಡಬೇಕು. ಜೀವಮಾನದಲ್ಲಿ ಅದು ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಆ ಒಂದು ವಾರದಲ್ಲೇ ಮುಗಿಯುತ್ತದೆ. ಹುಳುಮನೆಯಲ್ಲಿ ನಿಂತರೆ ಹೊರಗೆ ಮಳೆ ಹನಿಯುತ್ತಿದೆಯೇನೋ ಎನ್ನಿಸುವಂಥ ಸದ್ದು.

“ನಾಲ್ಕನೇ ಜ್ವರ ಎದ್ದ ಹುಳುಗೆ ಸೊಪ್ಪು ಕಮ್ಮಿ ಮಾಡ್ತೀರೇನ್ರಮ್ಮ?” ಎಂದು ಕೇಳಿದೆ.

“ಅದೆಂಗಾದದು?” ಎಂದರು ನಾಲ್ಕಾರು ಜನ ಒಟ್ಟಿಗೆ.

“ಕಮ್ಮಿ ಮಾಡಿದ್ರೆ?”

“ಗೂಡು ಪೊಳ್ಳಾಯ್ತದೆ.”

“ನೋಡಿ ಮತ್ತೆ! ಹುಳುಗೆ ಅಷ್ಟು ನಿಗಾ ಮಾಡೋರು ನಿಮ್ಮ ಹೊಟ್ಟೇಲಿರೋ ಕಂದನಿಗೋಸ್ಕರ ನೀವು ತಿನ್ನಬೇಡ್ವಾ? ನೀವು ತಿಂದ್ರೆ ತಾನೆ ಗೂಡು ಗಟ್ಟಿ?”

ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದೆ. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ ಒಬ್ಬಳು, ಎರಡನೆಯ ಬಸುರಿ, ಆರೇಳು ತಿಂಗಳಿರಬಹುದು, ಮೆಲ್ಲಗೆ ಕೇಳಿದಳು: “ಗೂಡು ಕಟ್ಟಾದ್ಮೇಲೆ ಹುಳಾನ ಏನ್ ಮಾಡ್ತಾರೆ ಮೇಡಮ್ಮೋರೆ?”

ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಆಮೇಲೆ ಇಡೀ ಅಂಗನವಾಡಿ ಗೊಳ್ಳೆಂದಿತು. ಗೂಡು ಕಟ್ಟಿದ ಹುಳು ಏನಾಗುತ್ತದೆ ಎಂದು ರಾಮನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೂಡು ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ನೂಲು ಬಿಚ್ಚುವವರ ಕುದಿಯುವ ನೀರಿಗೆ. ಹುಳು ಒಳಗೇ ಇರುತ್ತದೆ.

ನಾನೂ ನಕ್ಕೆ. ನಗದೆ ಏನು ಮಾಡಲಿ? ನಕ್ಷೆ ಸುತ್ತಿದೆ, ಅವರು ಕೊಟ್ಟ ಬಾಳೆಹಣ್ಣು ತಿಂದೆ, ಬಸ್ಸು ಹತ್ತಿದೆ. ಬಸ್ಸಿನಲ್ಲಿ ಆ ಬಂಡೆಬೆಟ್ಟಗಳನ್ನು ನೋಡುತ್ತಾ ಕೂತಾಗ ನಗು ಇಳಿದು, ಆ ಮಾತು ಮಾತ್ರ ಗಂಟಲಲ್ಲಿ ಉಳಿಯಿತು. ಹುಳುವಿಗೆ ಸೊಪ್ಪು ಹಾಕುವುದು ಹುಳುವಿಗೋಸ್ಕರ ಅಲ್ಲ. ಅಷ್ಟು ಹೊತ್ತು ನಾನು ಆ ಹೆಂಗಸರಿಗೆ ಹೇಳಿದ್ದು ಅದನ್ನೇ: ನೀನು ತಿನ್ನಬೇಕಾದದ್ದು ನಿನಗೋಸ್ಕರ ಅಲ್ಲ.

ಆವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಒಳ್ಳೆಯ ಕೆಲಸವೊಂದನ್ನು ಸರಿಯಲ್ಲದ ಕಾರಣ ಹೇಳಿ ಮಾಡಿಸಬಹುದೇ? ಬೆಲ್ಲ ತೋರಿಸಿ ಕಷಾಯ ಕುಡಿಸುವ ನಮಗೆ ಇದೊಂದು ಪ್ರಶ್ನೆಯೇ ಎನ್ನಬೇಡಿ. ಇಲ್ಲಿ ಬೆಲ್ಲವಾಗಿರುವುದು ಒಬ್ಬ ತಾಯಿಯ ಮಮತೆ.

ಮನೆಗೆ ಬಂದು ಹಳೆಯ ಪುಸ್ತಕಗಳನ್ನು ತೆಗೆದೆ. ನನಗೆ ಗೊತ್ತಿದ್ದ ವಿಷಯವೇ, ಆದರೆ ಬೇರೆ ಥರ ಕಾಣಿಸಿತು. ಒಂದು ಬಸಿರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ, ಎಂದರೆ ಒಂದು ಗ್ರಾಂ, ಒಂದು ಸಣ್ಣ ಮೊಳೆಯ ತೂಕ. ಅದರಲ್ಲಿ ಸುಮಾರು 300 ಮಿಲಿಗ್ರಾಂ ಮಗುವಿಗೂ ಮಾಸಿಗೂ ಹೋಗುತ್ತದೆ. 500ರಷ್ಟು ತಾಯಿಯ ಮೈಯಲ್ಲಿ ಹೊಸದಾಗಿ ಹುಟ್ಟಬೇಕಾದ ಕೆಂಪು ಕಣಗಳಿಗೆ. ಉಳಿದದ್ದು ದಿನದಿನದ ಸವೆತಕ್ಕೆ. ಕಬ್ಬಿಣ ಸಾಲದೆ ಹೋದಾಗ ಯಾರ ಪಾಲು ಕಡಿತವಾಗುತ್ತದೆ ಎಂಬುದು ನೋಡಬೇಕಾದ್ದು. ಮಾಸು ತಾಯಿಯ ರಕ್ತದಿಂದ ಕಬ್ಬಿಣವನ್ನು ಎಳೆದೆಳೆದು ಮಗುವಿನ ಕಡೆ ಸಾಗಿಸುತ್ತಲೇ ಇರುತ್ತದೆ. ತಾಯಿಯ ಉಗ್ರಾಣ ಬರಿದಾದರೂ ಬಹುಮಟ್ಟಿಗೆ ಬಿಡುವುದಿಲ್ಲ. ತೀರ ಬರಿದಾದಾಗ ಮಾತ್ರ ಮಗುವಿಗೂ ಕೊರತೆ. ಅಲ್ಲಿಯವರೆಗೆ ಮಗುವಿಗೆ ಮೊದಲ ಪಂಕ್ತಿ, ಅವಳಿಗೆ ಕಡೇ ಪಂಕ್ತಿ. ಹೊರಗಿನ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳು, ತನ್ನ ಮೈಯೊಳಗೂ ಕೊನೆಗೇ ಕೂರುತ್ತಾಳೆ.

ಪ್ರಕೃತಿ ಹೀಗೆ ಮಾಡಿರುವುದಕ್ಕೆ ನನ್ನ ತಕರಾರಿಲ್ಲ. ಒಂಬತ್ತು ತಿಂಗಳ ಮಟ್ಟಿಗೆ ಅದು ಒಪ್ಪಂದ. ಆದರೆ ಪ್ರಕೃತಿ ಇಷ್ಟು ಪಕ್ಷಪಾತ ಮಾಡಿರುವಾಗ ನಾವಾದರೂ ಅವಳ ಕಡೆ ಒಂದು ಮಾತು ಆಡಬೇಕಲ್ಲವೆ? ನಾವೂ ಮಗುವಿನ ಕಡೆಯ ವಕೀಲರೇ.

ಇದು ನನ್ನೊಬ್ಬಳ ತಪ್ಪೂ ಅಲ್ಲ. ನಮ್ಮ ದೇಶದಲ್ಲಿ ಕಬ್ಬಿಣದ ಮಾತ್ರೆಯ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಬಸುರಿ, ಬಾಣಂತಿ, ಚಿಕ್ಕ ಮಕ್ಕಳು, ಮುಖ್ಯವಾಗಿ ಇವರೇ ಅದರ ಕಣ್ಣಿಗೆ ಬಿದ್ದವರು. ಮದುವೆಯಾಗದ ಹುಡುಗಿ, ಮಕ್ಕಳ ಲೆಕ್ಕ ಮುಗಿಸಿದ ನಲವತ್ತರ ಹೆಂಗಸು, ಇವರ ರಕ್ತದ ಬಗ್ಗೆ ಬಹಳ ಕಾಲ ಯಾರೂ ಕೇಳಲಿಲ್ಲ. 2018ರ ಅನೀಮಿಯಾ ಮುಕ್ತ ಭಾರತದ ಲೆಕ್ಕದಲ್ಲಿ ಹರೆಯದ ಹುಡುಗಿಯರಿಗೆ ವಾರಕ್ಕೊಂದು ನೀಲಿ ಮಾತ್ರೆ, ಬಸುರಿಯಲ್ಲದ ಹೆಂಗಸರಿಗೂ ವಾರಕ್ಕೊಂದು ಕೆಂಪು ಮಾತ್ರೆ ಇದೆ. ಕಾಗದದ ಮೇಲೆ ನ್ಯಾಯ ಬಂದಿದೆ. ನಿಮ್ಮ ಬೀದಿಯಲ್ಲಿ ಬಸುರಿಯಲ್ಲದ ಎಷ್ಟು ಹೆಂಗಸರು ಆ ಮಾತ್ರೆ ಕಂಡಿದ್ದಾರೆ, ನೀವೇ ಕೇಳಿ ನೋಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನಕ್ಕೆ ರಕ್ತ ಕಡಿಮೆ. 15ರಿಂದ 49 ವರ್ಷದ ಎಲ್ಲ ಹೆಂಗಸರನ್ನೂ ತೆಗೆದುಕೊಂಡರೆ ನೂರಕ್ಕೆ 57. ಅದೇ ವಯಸ್ಸಿನ ಗಂಡಸರಲ್ಲಿ 25. ಬಸುರಿಗೆ ಗೆರೆ 11, ಉಳಿದವರಿಗೆ 12, ಆದ್ದರಿಂದ ಮೊದಲಿನ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗುವುದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೂ ಒಂದಂತೂ ಸ್ಪಷ್ಟ. ಈ ರೋಗ ಬಸಿರಿನ ಜೊತೆ ಬಂದದ್ದಲ್ಲ. ಬಸಿರು ಬಂದಾಗ ನಾವು ನೋಡಿದ್ದು, ಅಷ್ಟೆ.

ನನ್ನ ತಾಯಿ ಊಟ ಮಾಡಿದ್ದನ್ನು ನಾನು ಚಿಕ್ಕವಳಿದ್ದಾಗ ಸರಿಯಾಗಿ ನೋಡಿಯೇ ಇಲ್ಲ. ಎಲ್ಲರದೂ ಆದ ಮೇಲೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ಕೂತು, ಸಾರಿನ ಪಾತ್ರೆಯ ತಳಕ್ಕೇ ಮುದ್ದೆ ಹಾಕಿಕೊಂಡು ಒರೆಸಿ ತಿನ್ನುತ್ತಿದ್ದರು. ಬಸ್ಸಾರು ಮಾಡಿದ ದಿನ ಪಲ್ಯ ನಮಗೆ, ಬಸಿದ ನೀರಿನ ಸಾರು ಅವರಿಗೆ. “ನಂಗೆ ಪಲ್ಯ ಸೇರಲ್ಲ” ಎನ್ನುತ್ತಿದ್ದರು. ಅಪ್ಪ ತೀರಿಹೋಗಿ ನಾವೆಲ್ಲ ಬೇರೆ ಬೇರೆ ಮನೆ ಸೇರಿದ ಮೇಲೆ ಅವರು ನನ್ನ ಮನೆಯಲ್ಲಿ ಒಬ್ಬರೇ ಕೂತು ಒಂದು ಬಟ್ಟಲು ದಂಟಿನ ಸೊಪ್ಪಿನ ಪಲ್ಯವನ್ನು ಆಸೆಯಿಂದ ತಿಂದದ್ದನ್ನು ನಾನು ಕಂಡೆ. ಆಗ ಅವರಿಗೆ ಎಪ್ಪತ್ತು. ಸೇರದ ಪಲ್ಯ ಎಪ್ಪತ್ತರಲ್ಲಿ ಸೇರಿತೇ?

ಇದನ್ನೆಲ್ಲ ಕಂಡವಳು ನಾನು ಬುದ್ಧಿ ಕಲಿತಿರಬೇಕಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವುದು ಗಾದೆ. ನನ್ನ ವಿಷಯದಲ್ಲಿ ತಿನ್ನಿಸಿದ್ದೇ ಬದನೆಕಾಯಿ. ಕೂಟಗಲ್ಲಿನ ಕಥೆಯನ್ನು ಆ ಭಾನುವಾರ ಫೋನಿನಲ್ಲಿ ಮಗಳಿಗೆ ಹೇಳಿದೆ, ನಗಲಿ ಎಂದು. ಅವಳು ನಗಲಿಲ್ಲ.

“ಅಮ್ಮಾ, ನಂದೂ ಹಂಗೇ ತಾನೇ ಆಗಿದ್ದು?” ಎಂದಳು.

ಅವಳ ಹೆರಿಗೆಯಾಗಿ ಆಗ ವರ್ಷವಾಗಿತ್ತು. ಚೊಚ್ಚಿಲು. ಸೀಮಂತ ಮುಗಿಸಿ ಏಳನೇ ತಿಂಗಳಲ್ಲಿ ಕರೆದುಕೊಂಡು ಬಂದ ದಿನದಿಂದ ಪ್ರತಿ ರಾತ್ರಿ ಊಟವಾದ ಮೇಲೆ ಕೆಂಪು ಮಾತ್ರೆಯನ್ನು ನಾನೇ ಅಂಗೈ ಮೇಲೆ ಇಟ್ಟು, ನುಂಗುವವರೆಗೂ ಎದುರಿಗೆ ನಿಂತಿರುತ್ತಿದ್ದೆ. ಕಾಫಿ ಬಂದ್ ಮಾಡಿಸಿದ್ದೆ. ಮಗು ಹುಟ್ಟಿತು. ಹೆರಿಗೆಯಾದ ಮೇಲೂ 180 ದಿನ ಆ ಮಾತ್ರೆ ತಪ್ಪದೆ ತೆಗೆದುಕೊಳ್ಳಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ, ಊರೂರಿಗೆ ಹೋಗಿ ಹೇಳುತ್ತಿದ್ದವಳು ನಾನು. ಮನೆಯಲ್ಲಿ ಮಾಡಿದ್ದೇನು? ಬಿಸಿನೀರು, ಸಾಂಬ್ರಾಣಿ, ಬೆಳ್ಳುಳ್ಳಿ, ಮೆಣಸಿನ ಸಾರು. ಸೊಪ್ಪು ಹಾಕಿದರೆ ಮಗುವಿಗೆ ಭೇದಿಯಾಗುತ್ತದೆ ಎಂದು ಪಕ್ಕದ ಮನೆಯ ಅಜ್ಜಿ ಹೇಳಿದರು, ಜೀವಶಾಸ್ತ್ರದ ಮೇಡಂ ಒಂದೂವರೆ ತಿಂಗಳು ಸೊಪ್ಪು ಬಂದ್ ಮಾಡಿದರು. ಮಾತ್ರೆಯ ಎರಡು ಹಾಳೆ ಹಾಗೆಯೇ ಬೀರುವಿನ ಖಾನೆಯಲ್ಲಿ ಉಳಿದವು. ಆರು ತಿಂಗಳಾದ ಮೇಲೆ ಗಂಡನ ಮನೆಯಲ್ಲಿ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟಿದ್ದಳಂತೆ. ಪರೀಕ್ಷೆ ಮಾಡಿಸಿದರೆ 8.6. ಆಗ ನನಗೆ ಹೇಳಿರಲಿಲ್ಲ.

“ಮೊದಲು ದಿನಾ ಮಾತ್ರೆ ತಗೊಂಡ್ಯಾ ಅಂತ ಕೇಳ್ತಿದ್ದೆ. ಹುಟ್ಟಿದ ಮೇಲೆ ದಿನಾ ಹಾಲು ಸಾಲುತ್ತಾ ಅಂತ ಕೇಳ್ತಿದ್ದೆ. ನಾನು ಬೇಜಾರಿಗೆ ಹೇಳ್ತಿಲ್ಲಮ್ಮ. ನೀನು ಕಥೆ ಹೇಳಿದ್ಯಲ್ಲ, ಅದಕ್ಕೆ ನೆನಪಾಯ್ತು” ಎಂದಳು.

ಬೇಜಾರಿಗೆ ಹೇಳಿದ್ದರೆ ಚೆನ್ನಾಗಿತ್ತು. ಜಗಳವಾಡಿ ಹಗುರ ಮಾಡಿಕೊಳ್ಳುತ್ತಿದ್ದೆ. ನನ್ನ ಮಗಳ ಮೇಲೆ ನನಗೆ ಪ್ರೀತಿಯಿಲ್ಲವೆ? ಇದೆ. ಆದರೆ ಒಂಬತ್ತು ತಿಂಗಳು ಮಾತ್ರೆಯ ಜೊತೆಗೆ ನಾನು ಅವಳಿಗೂ ನನಗೂ ಒಂದು ಕಾರಣವನ್ನು ನುಂಗಿಸಿದ್ದೆ, ಮಗುವಿಗೋಸ್ಕರ ಎಂದು. ಮಗು ತೊಟ್ಟಿಲಿಗೆ ಬಂದ ದಿನ ಆ ಕಾರಣ ಮುಗಿಯಿತು, ಮಾತ್ರೆಯೂ ಮುಗಿಯಿತು.

ಇದನ್ನು ನಮ್ಮ ಕಡೆಯ ಒಬ್ಬ ಸಿಸ್ಟರ್ ಜೊತೆ ಚರ್ಚಿಸಿದೆ. ಇಪ್ಪತ್ತು ವರ್ಷದಿಂದ ಹಳ್ಳಿಹಳ್ಳಿ ಸುತ್ತಿದವರು, ಮಾತು ಖಾರ, ಮನಸ್ಸು ಮೆದು. ಅವರು ನನ್ನ ಸಂಕಟಕ್ಕೆ ಸೊಪ್ಪು ಹಾಕಲಿಲ್ಲ. “ನೀವು ಓದ್ಕೊಂಡೋರು ಕಾರಣ ಸರಿ ಇದ್ಯಾ ಅಂತ ನೋಡ್ತೀರಿ. ನಂಗೆ ಅವಳು ನುಂಗಿದ್ಲಾ ಇಲ್ವಾ ಅಷ್ಟೇ. ನಿಂಗೋಸ್ಕರ ನುಂಗು ಅಂದ್ರೆ ‘ನಂಗೇನಾಗಿದೆ ಬುಡಕ್ಕ, ಗಟ್ಟಿಯಾಗಿವ್ನಿ’ ಅಂತಾಳೆ. ಮಗುಗೋಸ್ಕರ ಅಂದ್ರೆ ಕಣ್ಮುಚ್ಕೊಂಡು ನುಂಗ್ತಾಳೆ. ಯಾರಿಗೋಸ್ಕರ ನುಂಗಿದ್ರು ಅಂತ ಮಾತ್ರೆಗೆ ಗೊತ್ತಾಗುತ್ತಾ ಮೇಡಂ?”

ಈ ಮಾತಿಗೆ ನನ್ನ ಹತ್ತಿರ ಥಟ್ಟನೆ ಉತ್ತರವಿರಲಿಲ್ಲ. ಹೆರಿಗೆಯಲ್ಲಿ ರಕ್ತ ಹರಿದು ಹೋಗುವುದನ್ನು ಕಣ್ಣಾರೆ ಕಂಡವರ ಮುಂದೆ ಕಾರಣದ ಶುದ್ಧಿ ಅಶುದ್ಧಿ ಮಾತನಾಡುವುದಕ್ಕೆ ನಾಚಿಕೆಯೂ ಆಗುತ್ತದೆ. ಮಾತ್ರೆಗೆ ಗೊತ್ತಾಗುವುದಿಲ್ಲ, ನಿಜ. ಆದರೆ ಕ್ಯಾಲೆಂಡರಿಗೆ ಗೊತ್ತಾಗುತ್ತದೆ. ಅದು ಗೊತ್ತಾದದ್ದು ನನ್ನ ಮಗಳ ಬೀರುವಿನ ಖಾನೆಯಿಂದ. ಇದನ್ನು ಹೇಳಿದಾಗ ಸಿಸ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆರಿಗೆ ಆದ್ಮೇಲೆ ಯಾರೂ ತಗೊಳಲ್ಲ ಅನ್ನೋದು ಮಾತ್ರ ಖರೆ” ಎಂದರು.

ಇನ್ನೊಂದು ತೊಡಕಿದೆ. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ: ಅನ್ನ, ಸಾರು, ಪಲ್ಯ, ಹಾಲು, ಮೊಟ್ಟೆ, ಕಡಲೆಬೀಜದ ಚಿಕ್ಕಿ. ಅಲ್ಲೇ ಕೂತು ತಿನ್ನಬೇಕು. ಮನೆಗೆ ಕೊಟ್ಟರೆ ಅದು ಮನೆಯವರೆಲ್ಲರ ಪಾಲಾಗುತ್ತದೆ ಎಂಬುದು ಅದರ ಹಿಂದಿನ ತಿಳಿವಳಿಕೆ. ನಮ್ಮ ಮನೆಗಳನ್ನು ಒಳಗಿನಿಂದ ಬಲ್ಲ ಯಾರೋ ಇದನ್ನು ಯೋಚಿಸಿದ್ದಾರೆ ಎಂದು ನನಗೆ ಆಗ ಸಂತೋಷವಾಗಿತ್ತು. ಕೂಟಗಲ್ಲಿನಲ್ಲಿ ಆವತ್ತು ನನ್ನ ಭಾಷಣ ಮುಗಿದ ಮೇಲೆ ಊಟವಾಯಿತು. ಹುಳುವಿನ ಪ್ರಶ್ನೆ ಕೇಳಿದ ಹುಡುಗಿ ಅನ್ನ ತಿಂದಳು, ಹಾಲು ಕುಡಿದಳು, ಮೊಟ್ಟೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಟೀಚರಮ್ಮ ನೋಡಿಬಿಟ್ಟರು. “ಇಲ್ಲೇ ತಿನ್ನಬೇಕು ಕಣೆ, ಎಷ್ಟು ಸಲ ಹೇಳೋದು?” ಮನೆಯಲ್ಲಿ ಎರಡೂವರೆ ವರ್ಷದ ಮಗನಿದ್ದಾನೆ, ಅವ್ವ ಮೊಟ್ಟೆ ತರುತ್ತಾಳೆ ಎಂದು ಬಾಗಿಲಲ್ಲಿ ಕೂತಿರುತ್ತಾನೆ. ಸೆರಗು ಬಿಚ್ಚಿ, ಗೋಡೆ ಕಡೆ ತಿರುಗಿ, ಮೊಟ್ಟೆಯನ್ನು ತಿಂದಳು. ಮಾತ್ರೆ ನುಂಗುವ ಹಾಗೆ ತಿಂದಳು.

ಆ ಹೊತ್ತಿನಲ್ಲಿ ಯಾರು ಸರಿ? ಟೀಚರಮ್ಮನ ತಪ್ಪಿಲ್ಲ, ಅವರು ನಿಯಮ ಪಾಲಿಸದಿದ್ದರೆ ಮೊಟ್ಟೆ ಯಾವತ್ತೂ ಬಸುರಿಯ ಹೊಟ್ಟೆ ಸೇರುವುದಿಲ್ಲ. ಹುಡುಗಿಯ ತಪ್ಪಂತೂ ಅಲ್ಲವೇ ಅಲ್ಲ. ತನ್ನ ತಟ್ಟೆಯದನ್ನು ಮಗುವಿಗೆ ತೆಗೆದಿಡುವುದು ಮನುಷ್ಯರು ಮಾಡುವ ಕೆಲಸಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದಲ್ಲದಿದ್ದರೆ ಇನ್ನು ಯಾವುದು? ಅದನ್ನು ಬಿಡು ಎಂದು ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂತು? ನನಗನ್ನಿಸುವುದು ಇಷ್ಟು: ಕೊಡುವುದು ತಪ್ಪಲ್ಲ. ಆದರೆ ಒಂದು ಮನೆಯಲ್ಲಿ ಕೊಡುವವಳು ಯಾವಾಗಲೂ ಒಬ್ಬಳೇ ಆಗಿ, ಅವಳಿಗಾಗಿ ಸೆರಗಿನ ತುದಿಗೆ ಏನನ್ನಾದರೂ ಕಟ್ಟಿಕೊಂಡು ಬರುವವರು ಒಬ್ಬರೂ ಇಲ್ಲದಿದ್ದರೆ, ಅದನ್ನು ತ್ಯಾಗ ಎಂದು ಹೊಗಳುವುದು ಉಳಿದವರಿಗೆ ಬಹಳ ಅನುಕೂಲ. 2020ರಲ್ಲಿ ಕೊರೋನಾ ಬಂದು ಅಂಗನವಾಡಿಯ ಊಟ ನಿಂತು ದಿನಸಿ, ಮೊಟ್ಟೆ ಮನೆಗೇ ಹೋಗತೊಡಗಿದಾಗ ನನಗೆ ಮತ್ತೆ ಮತ್ತೆ ಆ ಗೋಡೆ ಕಡೆ ತಿರುಗಿದ ಬೆನ್ನು ನೆನಪಾಗುತ್ತಿತ್ತು.

ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯ ಕಥೆಯನ್ನು ನಾನು ತರಗತಿಯಲ್ಲಿ ವಿಟಮಿನ್ ಪಾಠದ ಕೊನೆಗೆ ಎರಡು ವಾಕ್ಯದಲ್ಲಿ ಮುಗಿಸುತ್ತಿದ್ದೆ. ಈಗ ಓದಿಕೊಂಡೆ. ಅವರು ಬೊಂಬಾಯಿಗೆ ಬಂದದ್ದು 1928ರಲ್ಲಿ. ಅಲ್ಲಿನ ಬಡ ಬಸುರಿಯರಲ್ಲಿ, ಬಟ್ಟೆ ಗಿರಣಿಯ ಕೂಲಿಕಾರ ಹೆಂಗಸರಲ್ಲಿ, ಒಂದು ಬಗೆಯ ತೀವ್ರ ರಕ್ತಹೀನತೆ ಇತ್ತು. ಆಕೆ ಅವರು ಏನು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ ಎಂಬುದನ್ನು ಮೊದಲು ನೋಡಿದರು. ಹುಡುಕಿ ಹುಡುಕಿ ಕೊನೆಗೆ ಅಗ್ಗದ ಮಾರ್ಮೈಟ್ ಎಂಬ ಯೀಸ್ಟಿನ ಸಾರದಿಂದ ಅದು ವಾಸಿಯಾಗುತ್ತದೆ ಎಂದು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಅಂಶಕ್ಕೆ ಬಹಳ ದಿನ ವಿಲ್ಸ್ ಅಂಶ ಎಂದೇ ಹೆಸರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದ ಮೇಲೆ, ಲ್ಯಾಟಿನ್ನಿನಲ್ಲಿ ಎಲೆಗಿರುವ ಶಬ್ದದಿಂದ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಇವತ್ತು ನಮ್ಮ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಇರುವುದು ಅದೇ. ಲೋಕದ ಬಸುರಿಯರೆಲ್ಲ ನುಂಗುವ ಆ ವಸ್ತು ಗೊತ್ತಾದದ್ದು ಬೊಂಬಾಯಿಯ ಹೆಸರಿಲ್ಲದ ಕೂಲಿ ಹೆಂಗಸರ ರಕ್ತದಿಂದ. ನಾವು ಉಪಕಾರ ಮಾಡುವವರ ಹಾಗೆ ಮಾತ್ರೆ ಹಂಚುತ್ತೇವಲ್ಲ, ಅದು ಒಂದು ರೀತಿಯಲ್ಲಿ ಅವರ ಗಂಟೇ.

ನಾಲ್ಕು ತಿಂಗಳಾದ ಮೇಲೆ, 2020ರ ಜನವರಿಯಲ್ಲಿ, ಮತ್ತೆ ಕೂಟಗಲ್ಲಿಗೆ ಹೋದೆ. ಈ ಸಲ ಕರೆಸಿಕೊಳ್ಳಲಿಲ್ಲ, ನಾನೇ ಕೇಳಿಕೊಂಡು ಹೋದೆ. ಅದೇ ಸಿಸ್ಟರೂ ಇದ್ದರು. ನಕ್ಷೆ ಬಿಡಿಸಲಿಲ್ಲ. ತಪ್ಪೊಪ್ಪಿಗೆಯ ಭಾಷಣವನ್ನೂ ಮಾಡಲಿಲ್ಲ, ಅದೂ ಒಂದು ಬಗೆಯ ಜಂಬ. ಅವರು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿದೆ. ಮಾತ್ರೆ ನುಂಗಿದರೆ ಕಕ್ಕಸಿಗೆ ಕಪ್ಪಗೆ ಹೋಗುತ್ತದೆ, ರಕ್ತ ಕೆಟ್ಟಿದೆಯಾ ಎಂದು ಒಬ್ಬಳ ಹೆದರಿಕೆ. ಇಲ್ಲ, ಮೈಗೆ ಹತ್ತದೆ ಉಳಿದ ಕಬ್ಬಿಣ ಅದು. ಮಗು ಕಪ್ಪಾಗುತ್ತದಾ? ಖಂಡಿತ ಇಲ್ಲ. ಹೊಟ್ಟೆ ತೊಳಸುತ್ತದೆ ಎಂದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗಿ. ಕಾಫಿ ಟೀ ಜೊತೆ ಬೇಡ, ಸುಣ್ಣದ ಮಾತ್ರೆಯ ಜೊತೆಗೂ ಬೇಡ, ಎರಡಕ್ಕೂ ನಡುವೆ ಎರಡು ಗಂಟೆಯಾದರೂ ಬಿಡಿ. ಮುದ್ದೆ ಒಳ್ಳೆಯದು, ಆದರೆ ರಾಗಿಯ ಕಬ್ಬಿಣ ಮೈಗೆ ಹತ್ತುವುದು ಕಡಿಮೆ, ಮೊಳಕೆ ಕಟ್ಟಿದರೆ ಸ್ವಲ್ಪ ವಾಸಿ. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿಕೊಳ್ಳಿ. ನುಗ್ಗೆ, ದಂಟು, ಹೊಲದ ಬೆರಕೆ ಸೊಪ್ಪು ಎಲ್ಲ ತಿನ್ನಿ, ಆದರೆ ಬಸಿರಿನಲ್ಲಿ ಬೇಕಾಗುವಷ್ಟು ಬರೀ ಸೊಪ್ಪಿನಿಂದ ಬರುವುದಿಲ್ಲ. ರಕ್ತ ಏರದಿದ್ದರೆ ಅವಳು ತಿನ್ನಲಿಲ್ಲ ಎಂದು ಅತ್ತೆಯರು ಬೈಯಬೇಡಿ. ಜಂತುಹುಳು ಇರಬಹುದು, ಬೇರೆ ಕಾರಣವೂ ಇರಬಹುದು, ತೋರಿಸಿ. 7ಕ್ಕಿಂತ ಇಳಿದರೆ ಮನೆ ಮದ್ದಿನ ಮಾತೇ ಬೇಡ, ದೊಡ್ಡಾಸ್ಪತ್ರೆ.

ಹೆರಿಗೆಯಾದ ಮೇಲಿನ ಆರು ತಿಂಗಳ ಮಾತ್ರೆಯ ವಿಷಯಕ್ಕೆ ಬಂದಾಗ ನನ್ನ ಮಗಳ ಬೀರುವಿನ ಕಥೆಯನ್ನು ಹೇಳಿದೆ. ಹುಳುವಿನ ಹುಡುಗಿ ಆಗ ಬಾಣಂತಿ, ಬಂದಿರಲಿಲ್ಲ. ಅವಳ ಅತ್ತೆ ಬಂದಿದ್ದರು. ನಲವತ್ತೈದು ದಾಟಿರಬಹುದು, ಕೈಯ ಗೆರೆಗಳೆಲ್ಲ ಸೊಪ್ಪಿನ ಕರೆ. ಕಥೆ ಕೇಳಿ, “ಅವ್ಳ ಮಾತ್ರೆ ನಾನ್ ಎಣಿಸ್ತೀನಿ ಬುಡಿ” ಎಂದರು. ಊಟಕ್ಕೆ ಎಲ್ಲರೂ ಏಳುವ ಹೊತ್ತಿಗೆ ಸಿಸ್ಟರ್ ಹತ್ತಿರ ಹೋಗಿ ನಿಂತರು.

“ನಂದೊಂದಪ ನೋಡವ್ವ.”

“ನಿಮ್ದಾ? ನೀವೇನ್ ಬಸುರಿನಾ ಅತ್ತೆಮ್ಮ?” ಎಂದು ಯಾರೋ ರೇಗಿಸಿದರು.

“ಬಸ್ರಿ ಅಲ್ದಿದ್ರೆ ನೆತ್ರ ಇರಾಕಿಲ್ವಾ?”

ಸಿಸ್ಟರ್ ನನ್ನ ಮುಖ ನೋಡಿದರು. ಬೆರಳು ಚುಚ್ಚಿದರು. 7.9. ಒಂದು ಹೊರೆ ಸೊಪ್ಪು ಹೊತ್ತು ಬೆಳಿಗ್ಗೆ ತೋಟದಿಂದ ಬಂದ ಹೆಂಗಸು. ತಿಂಗಳ ಮುಟ್ಟು ಎರಡು ವರ್ಷದಿಂದ ಹತ್ತು ಹನ್ನೆರಡು ದಿನ ಹೋಗುತ್ತಿದೆ ಎಂದು ಆಮೇಲೆ ಮೆಲ್ಲಗೆ ಹೇಳಿದರು. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅದಕ್ಕೆ ಮಾತ್ರೆಯೊಂದೇ ಸಾಲದು, ರಾಮನಗರಕ್ಕೆ ಹೋಗಿ ತೋರಿಸಲೇಬೇಕು ಎಂದು ಸಿಸ್ಟರ್ ಗದರಿ, ಚೀಟಿ ಬರೆದುಕೊಟ್ಟರು. ಆಮೇಲೆ ಅಂಕಿ ಬರೆದುಕೊಳ್ಳಲು ಪುಸ್ತಕ ತೆರೆದರು. ಆವತ್ತು ಅವರ ಕೈಯಲ್ಲಿದ್ದದ್ದು ಗರ್ಭಿಣಿಯರ ಪುಸ್ತಕ. ತಾಯಿ ಕಾರ್ಡಿನ ನಂಬರು, ಎಷ್ಟನೇ ಬಸಿರು, ಕೊನೆಯ ಮುಟ್ಟಿನ ದಿನ, ಹೆರಿಗೆಯ ದಿನ. ಪೆನ್ನು ಹಿಡಿದುಕೊಂಡು ಕಾಲಂಗಳ ಮೇಲೆ ಎರಡು ಸಲ ಕಣ್ಣಾಡಿಸಿದರು. ಆಮೇಲೆ ಪುಸ್ತಕ ತಿರುಗಿಸಿ ಹಿಂದಿನ ರಟ್ಟಿನ ಒಳಮೈಯಲ್ಲಿ ಅವರ ಹೆಸರು, ಅದರ ಮುಂದೆ 7.9 ಎಂದು ಬರೆದರು.

“ಕೂತ್ಕೊಳ್ರಿ, ನಿಮ್ದೂ ನೋಡೇಬಿಡೋಣ” ಎಂದರು ನನಗೆ.

ನನ್ನದು 10.1 ಇತ್ತು. ಅದನ್ನೂ ಅದೇ ರಟ್ಟಿನ ಮೇಲೆ, ಅವರ ಹೆಸರಿನ ಕೆಳಗೆ ಬರೆದರು. ರಾತ್ರಿ ಮಗಳಿಗೆ ಫೋನು ಮಾಡಿ ಹೇಳಿದೆ. ಮಾರನೆಯ ದಿನದಿಂದ ಒಂಬತ್ತೂವರೆಗೆ ಸರಿಯಾಗಿ ಫೋನು ಬರುತ್ತದೆ. ಮೊದಲ ಮಾತೇ, “ತಗೊಂಡ್ಯಾ?”